ಬಸ್ಸು ಹತ್ತಲಾರದ ಕಂಡಕ್ಟರ್

ಬಿಪಿ, ಶುಗರ್ ಇದ್ದವರು ಕಟ್ಟೆಯ ಮೇಲೆ ಕೂತು ತಮ್ಮ ರೋಗದ ವರದಿಯನ್ನು ಸಂಕೋಚವಿಲ್ಲದೆ ಒಪ್ಪಿಸುತ್ತಾರೆ. ಯಾರದು ಹೆಚ್ಚು, ಯಾರದು ಕಡಿಮೆ ಎಂಬ ಪೈಪೋಟಿಯೂ ನಡೆಯುತ್ತದೆ. ಮೊಣಕಾಲು ನೋವಿನವರಿಗಂತೂ ಕೇಳುವ ಕಿವಿ ಸಿಕ್ಕರೆ ಸಾಕು. ನನ್ನ ರೋಗವನ್ನು ಹಾಗೆ ನಾಲ್ಕು ಜನರ ಮುಂದೆ ಇಡಲು ಬರುವುದಿಲ್ಲ. ನಾನು ಜೀವಮಾನವೆಲ್ಲ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡವನು. ಅಂಥವನಿಗೆ ಅರವತ್ತು ದಾಟಿದ ಮೇಲೆ ಬಸ್ಸಿನಲ್ಲಿ ಕೂರುವುದೆಂದರೆ ಪ್ರಾಣಭಯ ಶುರುವಾಯಿತು ಎಂದರೆ ಯಾರು ನಗುವುದಿಲ್ಲ? ನಗಲಿ. ನಗುವವರ ಮೇಲೆ ಸಿಟ್ಟಾಗುವ ಶಕ್ತಿಯೂ ಈಗ ನನ್ನಲ್ಲಿ ಉಳಿದಿಲ್ಲ.

ಆದರೂ ಬರೆಯುತ್ತಿದ್ದೇನೆ. ಹಾವೇರಿಯ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ವಯಸ್ಸಿನವರು ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡು ಕೂತಿದ್ದನ್ನು ನೋಡಿದ್ದೇನೆ. ಈ ಪೀಡೆ ಜಗತ್ತಿನಲ್ಲಿ ತನಗೊಬ್ಬನಿಗೇ ಗಂಟು ಬಿದ್ದಿದೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಅವರಲ್ಲಿ ಒಬ್ಬರಾದರೂ ಇದನ್ನು ಓದಿ ಟವೆಲ್ ಕೆಳಗಿಳಿಸಿದರೆ ನನಗೆ ಸಾಕು.

ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು. ಅವಳಿಲ್ಲದಿದ್ದರೆ ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ಅಕ್ಕನ ಹೆಸರು ನೀಲವ್ವ. ನಮ್ಮ ತಾಯಿ ತೀರಿಕೊಂಡಾಗ ನಾನು ಇನ್ನೂ ತೊಡೆಯ ಮೇಲಿನ ಕೂಸು. ಅಕ್ಕ ಕಾಗಿನೆಲೆಗೆ ಮದುವೆಯಾಗಿ ಹೋಗುವಾಗ ಬುತ್ತಿಗಂಟಿನ ಜೊತೆ ನನ್ನನ್ನೂ ಕಟ್ಟಿಕೊಂಡು ಹೋದಳು. ಅವಳ ಗಂಡನ ಮನೆಯ ರೊಟ್ಟಿ ತಿಂದೇ ನಾನು ಬೆಳೆದೆ, ಓದಿದೆ, ನೌಕರಿಗೆ ಸೇರಿದೆ. ಕಂಡಕ್ಟರ್ ಆದ ಮೇಲೆ ಅವಳ ಮನೆಗೆ ಯಾವಾಗ ಹೋದರೂ ನೀರು ಕೊಡುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದಳು: "ಇವತ್ತರ ಕುಂತ ಬಂದಿಯೇನೋ ತಮ್ಮಾ?"

"ಕಂಡಕ್ಟರ್ ಎಲ್ಲಿ ಕುಂದರತಾನ ಯಕ್ಕಾ? ನಿಂತ ಬಂದೆ," ಎನ್ನುತ್ತಿದ್ದೆ.

"ಊರ ಮಂದಿಗೆಲ್ಲಾ ಸೀಟ ಹಿಡದು ಕುಂದ್ರಸ್ತಿ, ನಿನಗೊಂದು ಸೀಟಿಲ್ಲ ನೋಡು," ಎಂದು ಲೊಚಗುಟ್ಟಿ ನನ್ನ ಕಾಲಿಗೆ ಎಣ್ಣೆ ಕಾಯಿಸಲು ಹೋಗುತ್ತಿದ್ದಳು. ನಿವೃತ್ತಿಯಾದ ಮೇಲೂ ಅವಳ ಪ್ರಶ್ನೆ ನಿಲ್ಲಲಿಲ್ಲ. ಸೀಟು ಖಾಲಿ ಇದ್ದರೂ ನಿಲ್ಲುವ ಚಾಳಿ ನನ್ನನ್ನೂ ಬಿಟ್ಟಿರಲಿಲ್ಲ. ಬಸ್ಸು ಹತ್ತಿದ ಕೂಡಲೇ ಕೈ ತಾನಾಗಿ ಮೇಲಿನ ಸರಳಿಗೆ ಹೋಗುತ್ತಿತ್ತು.

ಅಂಥ ನಾನು ಒಂದು ದಿನ ಕೂತೆ. ಕೂತ ದಿನವೇ ಕೆಟ್ಟಿತು. ಅದು ಮೆಣಸಿನಕಾಯಿ ಸುಗ್ಗಿಯ ಸಮಯ. ಬ್ಯಾಡಗಿಯಲ್ಲಿ ಬೀಗರ ಮನೆಯ ಊಟ ಮುಗಿಸಿ ರಾಣೆಬೆನ್ನೂರಿಗೆ ವಾಪಸು ಬರುತ್ತಿದ್ದೆ. ಊಟ ಭಾರವಾಗಿತ್ತು, ಬಸ್ಸಿನ ನಟ್ಟನಡುವೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಕೂತುಬಿಟ್ಟೆ. ಕಾಲಿಡಲೂ ಜಾಗವಿಲ್ಲದಷ್ಟು ಜನ ತುಂಬಿಕೊಂಡರು. ಯಾರೋ ಕಾಯಿ ಚೀಲಗಳನ್ನೂ ಒಳಗೆ ತುರುಕಿದ್ದರು. ಆ ಘಾಟಿಗೆ ಬಸ್ಸಿಗೆ ಬಸ್ಸೇ ಕೆಮ್ಮುತ್ತಿತ್ತು. ನಮ್ಮ ಕಡೆ ಅದೇನು ಹೊಸದಲ್ಲ. ಆದರೆ ಅಂದು ನನ್ನ ಕೆಮ್ಮು ನಿಂತ ಮೇಲೆ ಉಸಿರೂ ನಿಂತಂತಾಯಿತು. ಎದೆ ನಗಾರಿಯಂತೆ ಬಡಿದುಕೊಳ್ಳತೊಡಗಿತು. ಅಂಗೈ ತಣ್ಣಗಾಗಿ ಕಣ್ಣು ಮಂಜಾಯಿತು. ಪಕ್ಕದವನ ಮೊಣಕಾಲು, ಮುಂದಿನ ಸೀಟಿನ ಬೆನ್ನು, ನಿಂತವರ ಹೊಟ್ಟೆ, ಎಲ್ಲವೂ ನನ್ನನ್ನು ಒತ್ತುತ್ತಿವೆ, ಇಲ್ಲಿಂದ ನನ್ನ ಹೆಣವೇ ಇಳಿಯುವುದು ಎನ್ನಿಸಿತು. ಎಲ್ಲಿತ್ತೋ ಧ್ವನಿ, "ಹೋಲ್ಡಾನ್!" ಎಂದು ಕೂಗಿದೆ. ಡ್ಯೂಟಿಯ ಮೇಲೆ ಕೂಗಿದ ಹಾಗೇ ಇತ್ತು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಜನರನ್ನು ತುಳಿದುಕೊಂಡು ಮೋಟೆಬೆನ್ನೂರು ಕ್ರಾಸಿನಲ್ಲಿ ಇಳಿದು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಸಿದೆ.

ಇಳಿದ ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಈ ರೋಗದ ದೊಡ್ಡ ಮೋಸ ಅದೇ. ಇಳಿದದ್ದಕ್ಕೇ ಬದುಕಿದೆ ಎಂದು ಮನಸ್ಸು ಗಟ್ಟಿಯಾಗಿ ನಂಬಿಬಿಟ್ಟಿತು.

ಊರಿಗೆ ಬಂದು ಡಾಕ್ಟರರಿಗೆ ತೋರಿಸಿದೆವು. ಇಸಿಜಿ ಮಾಡಿದರು, ಏನೂ ಇಲ್ಲವೆಂದರು. ಏನೂ ಇಲ್ಲ ಎಂದರೆ ಗ್ಯಾಸು ಎಂದೇ ನಮ್ಮ ಕಡೆಯ ಅರ್ಥ. ಹೆಂಡತಿ ಶಾಂತವ್ವ ಓಂಕಾಳಿನ ನೀರು ಕುಡಿಸಿದಳು, ಓಣಿಯವರು ಸೋಡಾ ಕುಡಿಸಿದರು, ಮಗ ಪ್ರಕಾಶ ದಾವಣಗೆರೆಗೆ ರೈಲಿನಲ್ಲಿ ಕರೆದುಕೊಂಡು ಹೋಗಿ ಎದೆಯ ಫೋಟೋ ತೆಗೆಸಿದ. ಅಲ್ಲಿಯೂ ಏನೂ ಇಲ್ಲ. ಆಮೇಲೆ ಒಮ್ಮೆ ಹಾವೇರಿ ಬಸ್ಸು ಹತ್ತಲು ಹೋದೆ. ಸೀಟಿನಲ್ಲಿ ಕೂತೊಡನೆ ಅದೇ ಎದೆಬಡಿತ, ಅದೇ ಉಸಿರುಗಟ್ಟುವಿಕೆ. ಬಸ್ಸು ಸ್ಟ್ಯಾಂಡು ಬಿಡುವ ಮೊದಲೇ ಇಳಿದುಬಿಟ್ಟೆ. ಅಲ್ಲಿಗೆ ಬಸ್ಸು ಬಿಟ್ಟೆ. ಬಸ್ ಸ್ಟ್ಯಾಂಡಿನ ರಸ್ತೆ ಬಿಟ್ಟೆ. ಸಂತೆ ಬಿಟ್ಟೆ. ಮದುವೆ ಮುಂಜಿ ಬಿಟ್ಟೆ. ಕಟ್ಟೆಗೆ ಹೋಗುವುದು ಬಿಟ್ಟೆ, ಯಾಕೆಂದರೆ ಅಲ್ಲಿ ಯಾರಾದರೂ "ಏನ್ರಿ ಬಸಣ್ಣಾರ, ಆರಾಮ ಅದೀರಿಲ್ಲೋ" ಎಂದು ಕೇಳುತ್ತಿದ್ದರು, ಅದಕ್ಕೆ ಉತ್ತರ ಕೊಡಲು ದಣಿವಾಗುತ್ತಿತ್ತು. ಕೊನೆಗೆ ಪಡಸಾಲೆಯ ಮಂಚವೊಂದೇ ಉಳಿಯಿತು. ಪೇಪರು ಬಂದು ಮಡಿಕೆ ಬಿಚ್ಚದೆ ಬೀಳುತ್ತಿತ್ತು. ಹಗಲಿಡೀ ಮಲಗಿದ್ದರೂ ಮೈಯಲ್ಲಿ ದುಪ್ಪಟ್ಟು ಡ್ಯೂಟಿ ಮಾಡಿದವನ ಸುಸ್ತು. ಏನನ್ನೂ ಮಾಡದೆ ಮನುಷ್ಯ ಅಷ್ಟು ದಣಿಯುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಮನೆಯವರ ಪ್ರೀತಿ ಬೇರೆ. ನನ್ನ ಕೈಯಿಂದ ಒಂದೊಂದೇ ಕೆಲಸ ಕಸಿದುಕೊಂಡರು. ಹಾಲು ತರುವುದು ಪ್ರಕಾಶನ ಪಾಲಿಗೆ, ಕಾಯಿಪಲ್ಲೆ ಸೊಸೆಯ ಪಾಲಿಗೆ. ನೀರು ಕುಡಿಯಬೇಕೆಂದು ಎದ್ದರೆ ಶಾಂತವ್ವ ಓಡಿ ಬರುತ್ತಿದ್ದಳು: "ನೀವು ಯಾಕ ಏಳತೀರಿ, ಕುಂದ್ರಿ, ನಾ ತರತೇನಿ." ಚೊಂಬು ಬಾಯಿಯ ತನಕ ಬರುತ್ತಿತ್ತು. ಬಿಸಿಲಿಗೆ ಹೋಗಬೇಡಿ, ಗಾಳಿಗೆ ಕೂರಬೇಡಿ, ಯೋಚನೆ ಮಾಡಬೇಡಿ. ನಾನು ಮುದುಕನಾದದ್ದು ನಿವೃತ್ತಿಯ ದಿನವಲ್ಲ, ಆ ಚೊಂಬು ಬಾಯಿಗೆ ಬಂದ ದಿನ.

ಹೀಗಿರುವಾಗ ಕಾಗಿನೆಲೆಯಿಂದ ಫೋನು ಬಂತು. ಅಕ್ಕನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ತೊದಲುತ್ತಿತ್ತು. ನಮ್ಮಲ್ಲಿ ಯಾರಾದರೂ ಹೀಗೆ ಹಾಸಿಗೆ ಹಿಡಿದರೆ ಬಂಧುಬಳಗವೆಲ್ಲ ಹೋಗಿ ಮಾತಾಡಿಸಿಕೊಂಡು ಬರಬೇಕು. ಬಾಳೆಹಣ್ಣೋ ಬ್ರೆಡ್ಡೋ ಹಿಡಿದು ಹೋಗಿ ಮಂಚದ ಪಕ್ಕ ಕೂತು ಎದ್ದು ಬರಬೇಕು. ಹೋಗದವನು ಸಂಬಂಧ ಹರಿದುಕೊಂಡ ಹಾಗೆ. ಹಲಗೇರಿಯ ದೂರದ ನೆಂಟರೂ ಹೋಗಿ ಬಂದರು. ನನ್ನ ಸೊಸೆಯ ತವರಿನವರೂ ಹೋಗಿ ಬಂದರು. ಅವಳು ಎದೆಗವಚಿ ಸಾಕಿದ ತಮ್ಮ ಮಾತ್ರ ಹೋಗಲಿಲ್ಲ. ಪ್ರಕಾಶ ಬಾಡಿಗೆ ಕಾರು ತಂದ. ಊರ ಹೊರಗಿನ ಪೆಟ್ರೋಲ್ ಬಂಕ್ ದಾಟುವಷ್ಟರಲ್ಲಿ ನಾನು ಬಾಗಿಲು ತೆಗೆಯಲು ಒದ್ದಾಡಿದೆ, ಡ್ರೈವರ್ ಹೆದರಿ ಗಾಡಿ ತಿರುಗಿಸಿದ. ಆ ದಿನ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಅತ್ತೆ. ಅಕ್ಕ ಸತ್ತರೆ ನಾನು ಮಣ್ಣಿಗೂ ಹೋಗಲಾರೆ ಎಂಬುದು ಅಂದು ಖಚಿತವಾಯಿತು. ಸಾವಿನ ಹೆದರಿಕೆಗಿಂತ ಅದು ಕೆಟ್ಟದಾಗಿತ್ತು.

ಮತ್ತೆ ಇಸಿಜಿಗೆ ಹೋದಾಗ ನಮ್ಮೂರ ಡಾಕ್ಟರರು ಕಾಗದ ಪಕ್ಕಕ್ಕಿಟ್ಟು, "ಬಸಣ್ಣಾರ, ನಿಮ್ಮ ಎದಿ ನನ್ನ ಎದಿಗಿಂತ ಗಟ್ಟಿ ಐತಿ. ಇದು ಹೆದರಿಕಿ ಬ್ಯಾನಿ. ಹಾವೇರಿಗೆ ಮನಸಿನ ಡಾಕ್ಟರ್ ಬರತಾರ, ಒಮ್ಮೆ ಭೆಟ್ಟಿ ಆಗ್ರಿ," ಎಂದರು.

ಮನೆಗೆ ಬಂದ ಮೇಲೆ ಪ್ರಕಾಶ ಕೂಗಾಡಿದ. "ಹುಚ್ಚರ ಡಾಕ್ಟರ್ ಕಡೆ ಹೋಗೋದೇನಪ್ಪಾ? ಅಂಗಡಿಗೆ ಬಂದ ಮಂದಿ ಕೇಳಿದ್ರ ನಾ ಏನ ಹೇಳ್ಲಿ?" ಅವನದು ಬೀಜದ ಅಂಗಡಿ, ದಿನಾ ಹತ್ತೂರಿನ ರೈತರು ಬರುತ್ತಾರೆ. ಶಾಂತವ್ವ ಒಂದೇ ಮಾತು ಹೇಳಿದಳು: "ನಿಮ್ಮಪ್ಪಗ ಗ್ಯಾಸ್ ಐತಿ ಅಂತ ಹೇಳು. ಇಷ್ಟ ದಿನ ಅದನ್ನ ಹೇಳಿದಿಯಲ್ಲ?"

ಹಾವೇರಿಗೆ ರೈಲಿನಲ್ಲಿ ಹೋದೆವು. ಜೀವಮಾನವಿಡೀ ರೈಲನ್ನು ಲೇವಡಿ ಮಾಡಿದ ಕಂಡಕ್ಟರನಿಗೆ ಕೊನೆಗೆ ರೈಲೇ ಗತಿಯಾಯಿತು. ಒಳಗೆ ಕೂರಲಿಲ್ಲ. ಬಾಗಿಲ ಹತ್ತಿರ ಸರಳು ಹಿಡಿದು, ಗಾಳಿಗೆ ಮುಖ ಕೊಟ್ಟು, ನಿಂತೇ ಹೋದೆ.

ಆಸ್ಪತ್ರೆಯ ಬೆಂಚಿನ ಮೇಲೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬೇರೆ ಡಾಕ್ಟರರ ಸಾಲಿನಲ್ಲಿ ಪರಸ್ಪರ ಊರು, ಹೊಲ, ಬೀಗತನ ಎಲ್ಲ ವಿಚಾರಣೆಯಾಗುತ್ತದೆ. ಇಲ್ಲಿ ಕೇಳಿದರೆ ಎಲ್ಲರಿಗೂ ಬರೀ ತಲೆನೋವು. ನನ್ನನ್ನು ಒಬ್ಬ ಹೆಂಗಸು ಗುರುತು ಹಿಡಿದಳು. ಹೊಸರಿತ್ತಿಯವಳು, ಹಿಂದೆ ನನ್ನ ಬಸ್ಸಿನಲ್ಲಿ ತರಕಾರಿ ಬುಟ್ಟಿ ಏರಿಸಿಕೊಂಡು ಬರುತ್ತಿದ್ದವಳು. ಪಕ್ಕದಲ್ಲಿ ಅವಳ ಗಂಡ ನೆಲ ನೋಡುತ್ತ ಕೂತಿದ್ದ. ಇನ್ನೇನು, ಹಾವೇರಿ ತಾಲ್ಲೂಕಿಗೆಲ್ಲ ಸುದ್ದಿ ಎಂದುಕೊಂಡೆ. ನಾನು ಶೌಚಕ್ಕೆಂದು ಎದ್ದು ಹೋಗಿ ಬರುವಷ್ಟರಲ್ಲಿ ಜನ ತುಂಬಿತ್ತು. ನನ್ನ ಜಾಗದ ಮೇಲೆ ತನ್ನ ಗಂಡನ ಟವೆಲ್ ಹಾಸಿ ಇಟ್ಟಿದ್ದಳು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರನ್ನು ನಾನು ಡ್ಯೂಟಿಯಲ್ಲಿ ಎಷ್ಟು ಬೈದಿದ್ದೆನೋ! "ಟವೆಲ್ಲಿಗೆ ಟಿಕೆಟ್ ತಗಸೀರೇನು?" ಎಂದು ಎತ್ತಿ ಹೊರಗೆ ಒಗೆಯುತ್ತಿದ್ದೆ. ಅದನ್ನೇ ಈಗ ಮಡಚಿ ಅವಳ ಕೈಗೆ ಕೊಟ್ಟು ಕೂತೆ. "ಕುಂದ್ರಿ ಕಂಡಕ್ಟರ್ ಸಾಹೇಬ್ರ, ಇಲ್ಲಿ ಭಾಳ ಹೊತ್ತ ಆಕ್ಕತಿ," ಎಂದಳು, ಅಷ್ಟೇ.

ಡಾಕ್ಟರರು ಸಣ್ಣದೊಂದು ಗುಳಿಗೆ ಬರೆದುಕೊಟ್ಟು, ಮುಖ್ಯ ಔಷಧ ಆ ಕೋಣೆಯಲ್ಲಿದೆ ಎಂದು ಮೂಲೆಯ ಕೋಣೆಗೆ ಕಳಿಸಿದರು. ಅಲ್ಲಿ ರೇಷ್ಮಾ ಮೇಡಂ ಇದ್ದರು. ಆಪ್ತಸಮಾಲೋಚಕಿ ಎಂದು ಬಾಗಿಲ ಮೇಲೆ ಬರೆದಿತ್ತು. ಹಾವೇರಿಯವರೇ, ನನ್ನ ಮಗಳಿದ್ದಿದ್ದರೆ ಅವರ ವಯಸ್ಸಿನವಳಾಗಿರುತ್ತಿದ್ದಳು. ಹೊರಗೆ ಯಾರಿಗೋ ಉರ್ದುವಿನಲ್ಲಿ ಗದರಿಸಿ ಒಳಗೆ ಬಂದು ನಮ್ಮ ಭಾಷೆಯಲ್ಲಿ ನಕ್ಕರು.

"ಕಾಕಾ, ಮುಂಜಾನೆ ಎದ್ದು ಏನೇನ ಮಾಡತೀರಿ?"

ನಾನು ಯೋಚಿಸುವಷ್ಟರಲ್ಲಿ ಶಾಂತವ್ವ ಅಭಿಮಾನದಿಂದ ಹೇಳಿದಳು: "ಏನೂ ಮಾಡಗೊಡಂಗಿಲ್ರಿ ನಾವು. ನೀರ ಸೈತ ಕೈಯಾಗ ಕೊಡತೇವಿ."

"ಅದನ್ನ ನಾಳಿಂದ ಬಿಡ್ರಿ ಕಾಕೂ," ಎಂದರು ಮೇಡಂ. "ನೀರ ಅವರೇ ತಗೋಳ್ಳಿ. ಹಾಲ ಅವರೇ ತರಲಿ."

ನಾನು ನನ್ನ ಪ್ರಶ್ನೆ ಕೇಳಿದೆ. ಹೆದರಿಕೆ ಹೋಗುವ ಗುಳಿಗೆ ಗಟ್ಟಿಯಾಗಿ ಒಂದು ಕೊಟ್ಟುಬಿಡಿ, ಹೆದರಿಕೆ ಹೋದ ದಿನ ಬಸ್ಸು ಹತ್ತುತ್ತೇನೆ, ಅಕ್ಕನನ್ನು ಮಾತಾಡಿಸಬೇಕಾಗಿದೆ ಎಂದೆ. ಅವರು ತಲೆಯಾಡಿಸಿದರು. "ಹೆದರಿಕಿ ಹೋದ ಮ್ಯಾಲೆ ಹತ್ತತೇನಿ ಅಂದ್ರ ಅದು ಹೋಗಂಗಿಲ್ಲ ಕಾಕಾ. ಹೆದರಿಕಿ ಇದ್ದಾಗನ ಹತ್ತಬೇಕು. ಅದು ಏರತೈತಿ, ಏರಿದ್ದು ತಾನ ಇಳೀತೈತಿ. ಅದು ಇಳಿಯೂಮಟ ನೀವು ಇಳೀಬಾರ್ದು. ಇಷ್ಟ ನೋಡ್ರಿ ನಮ್ಮ ಔಷಧ."

ಹೇಳಲು ಸುಲಭ ಎಂದು ಮನಸ್ಸಿನಲ್ಲೇ ಗೊಣಗಿದೆ.

ಮನೆಯಲ್ಲಿ ಇದರಿಂದ ಬೇರೆಯೇ ಗದ್ದಲವಾಯಿತು. ನಾನು ನೀರಿಗೆ ಎದ್ದರೆ ಶಾಂತವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಹಿಂಡುತ್ತಿದ್ದಳು. "ಗಂಡಗ ನೀರ ಕೊಡಬ್ಯಾಡ ಅಂತ ಯಾವ ಸಾಲ್ಯಾಗ ಕಲತ ಬಂದಾಳೋ ಅಕಿ," ಎಂದು ಅತ್ತಳು. ಓಣಿಯ ಹೆಂಗಸರು ನಾನು ಹಾಲಿನ ಚೊಂಬು ಹಿಡಿದು ಹೋಗುವುದನ್ನು ನೋಡಿ, ರೋಗದ ಗಂಡನನ್ನು ದುಡಿಸುತ್ತಾಳೆ ಎಂದು ಅವಳನ್ನೇ ಆಡಿಕೊಂಡರು. ಪಾಪ, ನನ್ನ ಚಿಕಿತ್ಸೆಯ ಅವಮಾನವೆಲ್ಲ ಅವಳ ಪಾಲಿಗೆ ಬಂತು. ನನಗೂ ಹುರುಪೇನಿರಲಿಲ್ಲ. ಹಾಲಿನವನ ಮನೆ ಓಣಿಯ ತುದಿಯಲ್ಲಿದೆ, ನನಗದು ಹುಬ್ಬಳ್ಳಿಯಷ್ಟು ದೂರವಾಗಿತ್ತು. ಮನಸ್ಸು ಬಂದರೆ ಹೋಗುತ್ತೇನೆ ಎಂದುಕೊಂಡಿದ್ದರೆ ಇವತ್ತಿಗೂ ಮಂಚದ ಮೇಲೇ ಇರುತ್ತಿದ್ದೆ. ಮನಸ್ಸಿಲ್ಲದೆಯೇ ಹೋದೆ. ಹೋಗಿ ಹೋಗಿ, ಯಾವಾಗಲೋ ಒಂದು ದಿನ ದಾರಿಯಲ್ಲಿ ಪೇಪರಿನವನ ಹತ್ತಿರ ನಿಂತು ಮಳೆಯ ಬಗ್ಗೆ ಮಾತಾಡಿದ್ದು ಮನೆಗೆ ಬಂದ ಮೇಲೆ ನೆನಪಾಯಿತು.

ಆಮೇಲೆ ಬಸ್ ಸ್ಟ್ಯಾಂಡು. ಮೊದಲು ಬರೀ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಬಸ್ಸುಗಳನ್ನು ನೋಡಿ ಬರುವುದು. ಆಮೇಲೆ ನಿಂತ ಬಸ್ಸು ಹತ್ತಿ ಇಳಿಯುವುದು. ಆಮೇಲೆ ಹಲಗೇರಿಗೆ ಹೋಗಿ ಅದೇ ಬಸ್ಸಿಗೆ ವಾಪಸು. ಮುಪ್ಪಿನಲ್ಲಿ ಅಂಗನವಾಡಿ ಸೇರಿದ ಹಾಗಾಗಿತ್ತು. ಹಲಗೇರಿಗೆ ಬಾಗಿಲ ಪಕ್ಕ ನಿಂತು ಹೋದೆ, ಎದೆ ಬಡಿಯಿತು, ಆದರೂ ತಲುಪಿದೆ. ಶಾಂತವ್ವ ಮುಂದಿನ ಸೀಟಿನಿಂದ ತಿರುಗಿ ತಿರುಗಿ ನನ್ನ ಮುಖ ನೋಡುತ್ತಿದ್ದಳು.

ಅದಾದ ಮೇಲೆ ಬ್ಯಾಡಗಿ. ಆ ದಿನ ಬಸ್ಸಿನ ಕಂಡಕ್ಟರ್ ಒಬ್ಬ ಹೆಣ್ಣುಮಗಳು. ನಮ್ಮ ಕಾಲದಲ್ಲಿ ಹೆಣ್ಣು ಕಂಡಕ್ಟರುಗಳು ಇರಲಿಲ್ಲ, ಈಚೆಗಷ್ಟೇ ಬರತೊಡಗಿದ್ದರು. ನಾನು ಬಾಗಿಲ ಹತ್ತಿರ ಮೇಲಿನ ಸರಳು ಹಿಡಿದು ನಿಂತೆ. ಹಿಡಿದ ಕೂಡಲೇ ಮೈಗೆ ಹಳೆಯ ಕಸುವು ಬಂತು. "ಮುಂದ ಸರೀರಿ, ಮುಂದ ಸರೀರಿ, ಒಳಗ ಜಾಗಾ ಐತಿ," ಎಂದೆ. ಮೋಟೆಬೆನ್ನೂರು ಕ್ರಾಸ್ ಬಂದಾಗ ನಾನೇ ಊರು ಕೂಗಿದೆ, ನಾನೇ ಬಾಗಿಲು ತೆಗೆದೆ, ಮುದುಕಿಯೊಬ್ಬಳ ಗಂಟು ಇಳಿಸಿಕೊಟ್ಟೆ, ನಾನೇ "ರೈಟ್" ಎಂದೆ. ಡ್ರೈವರ್ ಹೊರಟೇಬಿಟ್ಟ. ಆ ಹುಡುಗಿ ಸೀಟಿ ಬಾಯಿಂದ ತೆಗೆದು, "ಅಜ್ಜಾರ, ಕಂಡಕ್ಟರ್ ನೀವೋ ನಾನೋ? ಅಲ್ಲೆ ಸೀಟ ಖಾಲಿ ಐತಿ, ಕುಂದ್ರಿ," ಎಂದಳು. ನಾನು ಕೂರಲಿಲ್ಲ. ಬ್ಯಾಡಗಿ ಮುಟ್ಟಿದೆ. ಎದೆ ಒಮ್ಮೆಯೂ ಬಡಿಯಲಿಲ್ಲ. ಗುಣವಾದೆನೆಂದು ಜೊತೆಗೆ ಬಂದಿದ್ದ ಶಾಂತವ್ವನಿಗೆ ಮಂಡಕ್ಕಿ ಗಿರಮಿಟ್ ಕೊಡಿಸಿದೆ.

ಹಾವೇರಿಗೆ ಹೋಗಿ ಇದನ್ನೆಲ್ಲ ಗತ್ತಿನಿಂದ ಹೇಳಿದೆ. ರೇಷ್ಮಾ ಮೇಡಂ ಖುಷಿಪಡುತ್ತಾರೆಂದು ಕಾದೆ. ಅವರು ಪೆನ್ನಿನ ಮುಚ್ಚಳ ಹಾಕಿ ಕೇಳಿದರು: "ನಿಂತ ಹೋದ್ರಿ?"

"ಹೌದ್ರಿ."

"ಹಲಗೇರಿಗೂ ನಿಂತ?"

"ರೈಲಿನಾಗೂ ನಿಂತ ಬರತಾರ್ರಿ," ಎಂದು ಶಾಂತವ್ವ ನಡುವೆ ಬಾಯಿ ಹಾಕಿದಳು.

"ಕಾಕಾ, ನೀವು ಬ್ಯಾಡಗಿಗೆ ಹೋಗಿಲ್ಲ. ಡ್ಯೂಟಿ ಮಾಡೀರಿ," ಎಂದರು ಮೇಡಂ. "ಬಾಗಲಾ ನಿಮ್ಮ ಕೈಯಾಗಿತ್ತು. ಬೇಕಂದಾಗ ಬಸ್ ನಿಂದ್ರಸ್ತೇನಿ ಅನ್ನೂ ಧೈರ್ಯ ಅದು. ನಿಮ್ಮ ಹೆದರಿಕಿ ನಡುವಿನ ಸೀಟಿನಾಗ ಕುಂತೈತಿ. ಅದರ ಬಾಜೂಕ ಹೋಗಿ ಕುಂದ್ರಬೇಕು. ಹೋಲ್ಡಾನ್ ಅನ್ನಬಾರ್ದು, ಬಾಗಲಾ ಮುಟ್ಟಬಾರ್ದು. ಬಸ್ ಯಾರೋ ನಡಸ್ಲಿ, ನೀವು ಬರೇ ಕುಂದ್ರಿ."

ನನಗೆ ಕೆಂಡದಂಥ ಸಿಟ್ಟು ಬಂತು. ನಾನು ಇಷ್ಟು ಕಷ್ಟಪಟ್ಟದ್ದಕ್ಕೆ ಬೆಲೆಯೇ ಇಲ್ಲವೇ? ನಿನ್ನೆ ಮೊನ್ನೆಯ ಹುಡುಗಿ ನನಗೆ ಬಸ್ಸಿನಲ್ಲಿ ಹೇಗೆ ಇರಬೇಕೆಂದು ಹೇಳಿಕೊಡುವುದೇ? ಮುಂದಿನ ಸಲ ಹಾವೇರಿಗೆ ಹೋಗಲಿಲ್ಲ. ಹಾಲು ತರುವುದೂ ನಿಂತಿತು. ಮಂಚ ಮತ್ತೆ ನನ್ನನ್ನು ತೆಗೆದುಕೊಂಡಿತು. ಸಿಟ್ಟು ಆರಿದ ಮೇಲೆ ಉಳಿದದ್ದು ಬರೀ ದಣಿವು. ಆ ಹುಡುಗಿ ಹೇಳಿದ್ದು ಖರೇ ಎಂದು ಗೊತ್ತಿತ್ತು. ಗೊತ್ತಿದ್ದರೇನು, ಏಳುವ ತ್ರಾಣವಿರಲಿಲ್ಲ.

ಏಳಿಸಿದವನು ಪ್ರಕಾಶ. ಹುಚ್ಚರ ಡಾಕ್ಟರ್ ಎಂದು ಕೂಗಾಡಿದ್ದ ಮಗ. ಕಾಗಿನೆಲೆಗೆ ಹೋಗಿ ಅತ್ತೆಯನ್ನು ಮಾತಾಡಿಸಿಕೊಂಡು ಬಂದು ನನ್ನ ಮಂಚದ ಮೇಲೆ ಕೂತ.

"ಅಪ್ಪಾ, ಅತ್ತಿ ಈಗ ಊಟ ಕಡಿಮಿ ಮಾಡ್ಯಾಳ," ಎಂದ. "ಬಾಗಲದಾಗ ಯಾರ ನೆರಳ ಬಿದ್ರೂ ಕುತ್ತಿಗಿ ಎತ್ತಿ ನೋಡತಾಳ. ನಾ ಒಳಗ ಹೋದಾಗ ನೀನ ಬಂದಿ ಅಂತ ತಿಳದಿದ್ಲು. ನಾ ಅಂತ ಗೊತ್ತಾದ ಮ್ಯಾಲೆ ಕಣ್ಣ ಮುಚಿಗೊಂಡ್ಲು." ಮಡಿಕೆ ಬಿಚ್ಚದ ಪೇಪರನ್ನು ಪಕ್ಕಕ್ಕಿಟ್ಟ. "ಹಾವೇರಿಗೆ ನಾ ಕರಕೊಂಡ ಹೋಗತೇನಿ ಬೇಕಂದ್ರ. ಅಂಗಡಿ ಬಂದ್ ಮಾಡತೇನಿ. ಮಂದಿ ಏನರ ಅನ್ಲಿ."

ನಾನು ಎದ್ದು ಕೂತೆ. "ಹಾವೇರಿ ಆಮ್ಯಾಲೆ," ಎಂದೆ. "ನಾಳೆ ಕಾಗಿನೆಲಿ."

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸು ಬರುತ್ತಿದ್ದಂತೆ ಜನ ಬಾಗಿಲಿಗೆ ಮುಗಿಬಿದ್ದರು. ನನ್ನ ಕಾಲು ಹಿಂದಕ್ಕೆ ಎಳೆಯಿತು. ಸೀಟು ಸಿಗದಿದ್ದರೆ ನಿಂತೇ ಹೋಗಬಹುದಲ್ಲ ಎಂದು ಒಳಗಿನ ಕಳ್ಳ ಆಸೆಪಟ್ಟ. ಅಷ್ಟರಲ್ಲಿ ಶಾಂತವ್ವ ನನ್ನ ಹೆಗಲ ಮೇಲಿನ ಟವೆಲ್ ಎಳೆದುಕೊಂಡು, ಸೆರಗು ಸಿಕ್ಕಿಸಿ, ತುದಿಗಾಲಲ್ಲಿ ನಿಂತು ನಡುವಿನ ಕಿಟಕಿಯೊಳಗೆ ಒಗೆದಳು. ಕಂಡಕ್ಟರನ ಹೆಂಡತಿ ಎಂಬ ಮರ್ಯಾದೆಗೆ ಒಂದು ದಿನವೂ ಆ ಕೆಲಸ ಮಾಡಿದವಳಲ್ಲ. "ಹತ್ರಿ ಈಗ," ಎಂದಳು.

ಕಿಟಕಿಯ ಪಕ್ಕ ನಾನು, ಆಚೆ ಅವಳು, ಅವಳ ಆಚೆ ನಿಂತವರ ಗೋಡೆ. ಬಾಗಿಲು ಕಾಣುತ್ತಲೇ ಇರಲಿಲ್ಲ. ಊರು ದಾಟುವ ಮೊದಲೇ ಅದು ಬಂತು. ಅಂಗೈ ತಣ್ಣಗಾಯಿತು, ಎದೆ ಬಡಿಯಿತು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಹೆದ್ದಾರಿಗೆ ಬಿದ್ದ ಮೇಲೆ ಇನ್ನೂ ಏರಿತು. ಸತ್ತೆ ಎಂದೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಹೋಲ್ಡಾನ್ ಎಂಬ ಮಾತು ನಾಲಿಗೆಯ ತುದಿಯಲ್ಲಿ ನಿಂತಿತ್ತು. ಶಾಂತವ್ವ ನನ್ನ ಮುಖ ನೋಡಿದಳು, ನೀರಿನ ಬಾಟಲಿಯನ್ನು ಮಾತ್ರ ತೆಗೆಯಲಿಲ್ಲ. ಅವಳಿಗೆ ಅದೆಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು. ಮೋಟೆಬೆನ್ನೂರು ಕ್ರಾಸ್ ಬಂತು. ಬಸ್ಸು ನಿಂತಿತು. ಅಂದು ನಾನು ಕುಸಿದ ಕಲ್ಲು ಕಿಟಕಿಯಿಂದ ಕಾಣುತ್ತಿತ್ತು. ಇಳಿಯುವವರು ಇಳಿದರು. ನಾನು ಮುಂದಿನ ಸೀಟಿನ ಸರಳು ಹಿಡಿದಿದ್ದ ಕೈಯನ್ನು ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡೆ. ಯಾರೋ "ರೈಟ್" ಎಂದರು. ಬಸ್ಸು ಹೊರಟಿತು.

ಬ್ಯಾಡಗಿ ದಾರಿಗೆ ಹೊರಳಿದ ಮೇಲೆ ಎಲ್ಲಿಯೋ ಒಂದು ಕಡೆ ಅದು ಇಳಿಯಿತು. ಯಾವ ಕ್ಷಣ ಎಂದು ಹೇಳಲಾರೆ. ಹೊಲದಲ್ಲಿ ಒಣಹಾಕಿದ ಕೆಂಪು ಕಾಯಿಯನ್ನು ನೋಡುತ್ತಿದ್ದೇನೆ, ಈ ವರ್ಷ ಬಣ್ಣ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೇನೆ ಎಂದು ತಿಳಿದಾಗ ಅದು ಇಳಿದುಹೋಗಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಗೆದ್ದೆನೆಂಬ ಸಂತೋಷವೇನೂ ಆಗಲಿಲ್ಲ. ತಲೆಯನ್ನು ಕಿಟಕಿಗೆ ಆನಿಸಿ ಕಣ್ಣು ಮುಚ್ಚಿದೆ. ಬ್ಯಾಡಗಿಯಲ್ಲಿ ಬಸ್ಸು ಬದಲಿಸಿ ಕಾಗಿನೆಲೆಯ ಬಸ್ಸಿನಲ್ಲೂ ಕೂತೆ. ಮತ್ತೆ ಬಂತು, ಮತ್ತೆ ಇಳಿಯಿತು.

ಇವತ್ತಿಗೂ ಅದು ಬರುತ್ತದೆ. ಕಾಗಿನೆಲೆಯಿಂದ ಬಂದ ಮೇಲೆ ರೇಷ್ಮಾ ಮೇಡಂ ಹತ್ತಿರ ಹೋಗಿ ಕ್ಷಮೆ ಕೇಳದೆಯೇ ಕುರ್ಚಿಯಲ್ಲಿ ಕೂತೆ, ಅವರು ಚಹಾ ತರಿಸಿದರು. ಗುಳಿಗೆಯನ್ನು ಡಾಕ್ಟರರೇ ನಿಧಾನವಾಗಿ ಇಳಿಸಿದರು. ಹಾಲು ನಾನೇ ತರುತ್ತೇನೆ. ಕೆಲವು ದಿನ ಆ ಓಣಿ ಮತ್ತೆ ಉದ್ದವಾಗುತ್ತದೆ, ಅಂಥ ದಿನವೂ ಬೈದುಕೊಳ್ಳುತ್ತ ಹೋಗುತ್ತೇನೆ. ಪೂರ್ತಿ ಗುಣವಾಗಿದ್ದೇನೆ ಎಂದು ಯಾರಿಗೂ ಹೇಳುವುದಿಲ್ಲ. ಹೆದರಿಕೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗುವುದು ಬರುತ್ತದೆ, ಇಷ್ಟೇ.

ಆ ದಿನ ಅಕ್ಕನ ಮನೆಯ ಬಾಗಿಲಲ್ಲಿ ನನ್ನ ನೆರಳು ಬಿದ್ದಾಗ ಅವಳು ಕುತ್ತಿಗೆ ಎತ್ತಿದಳು. ಹಿಡಿಯಷ್ಟಾಗಿದ್ದಳು. ಅವಳ ಸೊಸೆ, "ಅತ್ತೀ, ಮಾವಾರು ಬಂದಾರ ನೋಡ್ರಿ," ಎಂದು ದಿಂಬು ಎತ್ತರ ಮಾಡಿದಳು. ನಾನು ಮಂಚದ ಪಕ್ಕ ಕೂತೆ. ಇಷ್ಟು ದಿನ ಯಾಕೆ ಬರಲಿಲ್ಲವೆಂದು ಕೇಳಿದರೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ಅದನ್ನು ಕೇಳಲಿಲ್ಲ. ಎಡಗೈಯನ್ನು ನಿಧಾನವಾಗಿ ಸರಿಸಿ ನನ್ನ ಮೊಣಕಾಲ ಮೇಲೆ ಇಟ್ಟಳು. ತುಟಿ ಸೊಟ್ಟಗಾಗಿತ್ತು, ಮಾತು ತಡವರಿಸಿ ಬಂತು.

"ಕುಂತ... ಬಂದಿಯೇನೋ... ತಮ್ಮಾ?"

ಜನ್ಮದಲ್ಲಿ ಮೊದಲ ಸಲ ನನಗೆ ಅದಕ್ಕೆ ಬೇರೆ ಉತ್ತರವಿತ್ತು. ಅದನ್ನು ಹೇಳಲು ಬಹಳ ಹೊತ್ತು ಬೇಕಾಯಿತು, ಏಕೆಂದರೆ ನಾನು ಅಳುತ್ತಿದ್ದೆ.

"ಹೂಂ ಯಕ್ಕಾ. ಕುಂತ ಬಂದೇನಿ. ಕಿಡಕಿ ಕಡೆ ಸೀಟು."

ಅವಳು ನನ್ನ ಮೊಣಕಾಲನ್ನು ಒಮ್ಮೆ ಒತ್ತಿದಳು. ಹಿಂದೆ ಎಣ್ಣೆ ತಿಕ್ಕುತ್ತಿದ್ದ ಜಾಗ ಅದು.

"ಚಲೋ ಆತು," ಎಂದಳು. "ಭಾಳ ದಣದಿದ್ದಿ."